ತೋಳಿನ ಅಳತೆ

ಲಗ್ಗೆರೆ ಬ್ರಿಡ್ಜ್ ಇಳಿದರೆ ಹಾಲಿನ ಬೂತು, ಪಕ್ಕದಲ್ಲಿ
ಎಂಟಡಿಗೆ ಆರಡಿ ನನ್ನ ಅಂಗಡಿ.
ಅಳತೆ ಪುಸ್ತಕದಲ್ಲಿ ಹೆಸರು, ಎದೆ, ಸೊಂಟ, ತೋಳು.
ಬೇರೇನೂ ಬರೆಯುವವಳಲ್ಲ ನಾನು.

ಜಯಶೀಲಾ, ನಾಲ್ಕನೇ ಕ್ರಾಸು.
ಮದುವೆಯ ವರ್ಷ ತೋಳು ಐದು ಇಂಚು, ಪಫ್ ಇರಲಿ,
ಬೆನ್ನಿಗೆ ದಾರ, ದಾರದ ತುದಿಗೆ ಮಣಿ.
ಮುಂದಿನ ಯುಗಾದಿಗೆ ಎಂಟು.
ಮಗು ಆದಮೇಲೆ ಹತ್ತೂವರೆ.
"ಮೊಣಕೈ ಮುಚ್ಲಿ ಅಕ್ಕ, ಈಗ ಅದೇ ಫ್ಯಾಷನ್ನು."
ಹೂಂ ಅಂದೆ. ಫ್ಯಾಷನ್ನು ನನಗೆ ಗೊತ್ತಿಲ್ಲವೇ?

ಟೇಪು ಸುತ್ತುವಾಗ ಮೈ ಸರ್ರನೆ ಹಿಂದಾಗುತ್ತಿತ್ತು.
ಬಲಗೈ ಎತ್ತಲಾಗದ ದಿನ
ಕಂಕುಳ ಅಳತೆಯನ್ನು ಹಳೇ ಪುಟದಿಂದ
ನಕಲು ಮಾಡಿಕೊಂಡಿದ್ದೇನೆ, ಎಷ್ಟೋ ಸಲ,
ಕೇಳದೆ.

ಕೇಳದಿದ್ದರೂ ಉದುರುತ್ತಿದ್ದವು ಮಾತು,
ಸಡಿಲಾದ ಹುಕ್ಕಿನಂತೆ, ಒಂದೊಂದೇ.
ಗಾರ್ಮೆಂಟ್ಸಿನ ಸಂಬಳ ಬೀಳುವ ಕಾರ್ಡು ಅವನ ಜೇಬಲ್ಲಿ.
ಚಿಕ್ಕವಳ ಮದುವೆ ಆಗಿಬಿಡಲಿ, ಅಲ್ಲೀತನಕ ತಡ್ಕೋ ಅಂದ ಅಣ್ಣ.
ಸ್ಟೇಷನ್ನಿನಲ್ಲಿ ಇಬ್ಬರಿಗೂ ಟೀ ತರಿಸಿ, ಬುದ್ಧಿ ಹೇಳಿ,
ಅವನ ಬೈಕಿನಲ್ಲೇ ಕೂರಿಸಿ ಕಳಿಸಿದರಂತೆ.
ಗೋಡೆಯಾಚೆಯ ಮನೆ ಟೀವಿ ಜೋರು ಮಾಡುತ್ತದಂತೆ.
"ನಮ್ ಕಾಲ್ದಲ್ಲಿ ಇದನ್ನೆಲ್ಲ ಯಾರು ಹೇಳ್ಕೊತಿದ್ರು?" ಅಂದರಂತೆ ಅತ್ತೆ.
ಅತ್ತೆಯ ಪುಟವೂ ಇದೆ ಇಲ್ಲಿ, ನನ್ನಮ್ಮನ ಕೈಬರಹದಲ್ಲಿ:
ತೋಳು ಹತ್ತೊಂಬತ್ತು. ಏಪ್ರಿಲ್ ತಿಂಗಳಲ್ಲಿ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ.
ಆ ಗಾದೆ ಕಟ್ಟಿದವರು ಯಾರೋ,
ಉಂಡಿದ್ದರು, ಮಲಗಿದ್ದರು.

ಒಂದು ಬ್ಲೌಸಿಗೆ ನೂರೈವತ್ತು, ಲೈನಿಂಗಿಗೆ ಐವತ್ತು.
ಒಂಬತ್ತು ವರ್ಷ ಅವನ ಕೈಗುರುತು ಮುಚ್ಚಿಕೊಟ್ಟ ಕೂಲಿ
ನಾನೂ ಎಣಿಸಿಕೊಂಡಿದ್ದೇನೆ, ಚಿಲ್ಲರೆ ಸಮೇತ.

ನಿನ್ನೆ ಸಂಜೆ ಬಂದಳು. ಬಟ್ಟೆ ತಂದಿರಲಿಲ್ಲ.
ಶಟರ್ ಅರ್ಧ ಎಳೆದು, ತೋಳು ಮಡಚಿ,
ಕೈಯನ್ನು ಮೆಷಿನ್ನಿನ ಮೇಲೆ ಇಟ್ಟಳು.
"ಅಳತೆ ತಗೊಳ್ಳಿ."
ಯಾವುದಕ್ಕೆ ಅಂದೆ.
"ಇದಕ್ಕೆ."

ಟೇಪಿನ ತುದಿಯ ತಗಡು ತಣ್ಣಗಿತ್ತು.
ಸೊಂಟ ಅಳೆದ ಕೈ, ಹೆಣದಂತೆ ಮಲಗಿದ
ರೇಷ್ಮೆಯನ್ನೂ ಬೆದರದೆ ಕತ್ತರಿಸಿದ ಕೈ,
ಎರಡು ಸಲ ತಪ್ಪಿತು.
ಮೂರೂಕಾಲು ಇಂಚು. ಬಣ್ಣ: ನೇರಳೆ, ಅಂಚಿಗೆ ಹಳದಿ.
ಎಡಗೈ, ಮೊಣಕೈಗಿಂತ ಮೇಲೆ.
ಮೊದಲ ಸಲ ತಾರೀಖು ಹಾಕಿದೆ,
ಕೆಳಗೆ ನನ್ನ ಹೆಸರು.

ಪುಸ್ತಕ ಮುಚ್ಚಲು ಹೋದೆ.
"ಇರಿ ಅಕ್ಕ," ಅಂದಳು, ಸೆರಗು ಸರಿಸಿ ತಿರುಗುತ್ತ,
"ಬೆನ್ನಿಂದು ಇದೆ."