ಬುಡದ ಚೀಟಿ

ಓರ್ವಲ್, ಇವತ್ತು ನಿನ್ನ ಮನೆಯ ಬಾಗಿಲು ಹಾರುಹೊಡೆದಿದೆ.
ಹುಲ್ಲಿನ ಮೇಲೆ ಮಡಚುವ ಮೇಜುಗಳು, ಮೇಜಿನ ಮೇಲೆ
ನಿನ್ನ ನಲವತ್ತು ವರ್ಷ, ಎತ್ತರದ ಪ್ರಕಾರ ಜೋಡಿಸಿದ್ದು.
ನೀನಿದ್ದಿದ್ದರೆ ಬಯ್ಯುತ್ತಿದ್ದೆ:
ಹೂಜಿಗಳನ್ನು ಶಾಲೆಮಕ್ಕಳ ಹಾಗೆ ಸಾಲು ನಿಲ್ಲಿಸುತ್ತಾರೇನು,
ಒಂದೇ ಆವಿಗೆಯ ಬೆಂಕಿ ಕಂಡವು ಅಕ್ಕಪಕ್ಕ ಇರಬೇಕು.
ನನ್ನ ಫಲಕದ ಸಂಖ್ಯೆ ಹದಿನಾಲ್ಕು.
ಕಾಗದದ ಲೋಟದಲ್ಲಿ ಕಾಫಿ, ತಣ್ಣಗೆ.

ನಮ್ಮ ಕುಲವೇ ವಿಚಿತ್ರ.
ಮುಖ ನೋಡುವುದಿಲ್ಲ; ಎತ್ತಿದೊಡನೆ ಬೋರಲು ಹಾಕಿ
ಬುಡ ನೋಡುತ್ತೇವೆ,
ಹಸುಗೂಸಿನ ಮಚ್ಚೆ ಹುಡುಕುವ ಸೂಲಗಿತ್ತಿಯರ ಹಾಗೆ.
ಕಾರ್ಖಾನೆಯ ಮುದ್ರೆ, ಅಚ್ಚಿನ ಅಂಕಿ,
ಬಣ್ಣ ಬಳಿದ ಹುಡುಗಿ ಹಸಿ ಜೇಡಿಯಲ್ಲಿ
ಕದ್ದು ಗೀರಿದ ಎರಡಕ್ಷರ.
ಆಮೇಲೆ ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದು
ಕಿವಿಗೊಡುವುದು.
ಗಟ್ಟಿಯದು ಹಾಡುತ್ತದೆ. ಬಿರುಕಿನದು ಕೆಮ್ಮುತ್ತದೆ.

ಮಸ್ಕಿಂಗಮ್ ಹೊಳೆಯ ದಂಡೆಯಲ್ಲಿ ಆವಿಗೆಗಳು
ಹಗಲಿರುಳು ಹೊಗೆಯಾಡಿದ ಕಾಲವನ್ನು
ನಾವಿಬ್ಬರೂ ಕಂಡವರಲ್ಲ.
ನನ್ನ ಅಜ್ಜಿಯ ತಂಗಿ ಆಲ್ಮೀಡಾ ಕಂಡಿದ್ದಳು:
ಹದಿನೈದರ ವಯಸ್ಸು, ವಾರಕ್ಕೆ ಮೂರು ಡಾಲರು,
ಬೆಳಗಿನಿಂದ ಬೈಗಿನ ತನಕ ಒಂದೇ ಐರಿಸ್ ಹೂವು,
ನೂರಾ ಇಪ್ಪತ್ತು ಹೂಜಿಗಳಿಗೆ.
ಸಾಯುವ ತನಕ ಮನೆಯೊಳಗೆ ಯಾರಿಗೂ
ಹೂವು ತರಗೊಡಲಿಲ್ಲ.

ನೀನು ಬ್ರೆಡ್ಡಿನ ಲಾರಿ ಓಡಿಸಿದೆ,
ನಾನು ಹಲ್ಲಿನ ಡಾಕ್ಟರ ಬಳಿ ಬಿಲ್ಲು ಬರೆದೆ.
ವೈರ ಏನಿದ್ದರೂ ಶನಿವಾರ, ಭಾನುವಾರ.
ಕೊಟ್ಟಿಗೆಯೊಂದರಲ್ಲಿ ಕೋಳಿಕಾಳು ತುಂಬಿಟ್ಟಿದ್ದ ಹೂಜಿಯನ್ನು
ನಾನು ಆರು ಡಾಲರಿಗೆ ಎಗರಿಸಿದ್ದಕ್ಕೆ
ಎರಡು ಚಳಿಗಾಲ ನನ್ನೊಡನೆ ಮಾತು ಬಿಟ್ಟೆ.
ಆದರೂ, ಯಾರೋ ಪುಣ್ಯಾತ್ಮರು ದೀಪದ ತಂತಿ ತೂರಿಸಲೆಂದು
ಚೆಂದದ ಹೂದಾನಿಯೊಂದರ ಬುಡ ಕೊರೆದದ್ದು ಕಂಡಾಗ
ಇಬ್ಬರೂ ಮಾತಿಲ್ಲದೆ
ಒಟ್ಟಿಗೇ ಟೊಪ್ಪಿಗೆ ತೆಗೆದೆವು.

ಅದೋ, ಹಸಿರು.
ಏಳನೇ ಮೇಜು. ಹೊಳಪಿಲ್ಲದ, ಸೌತೆಸಿಪ್ಪೆಯ ಹಸಿರು,
ಜೊಂಡಿನ ನಡುವೆ ರೆಕ್ಕೆ ಮಡಿಸದ ಏರೋಪ್ಲೇನ್ ಚಿಟ್ಟೆ.
ಎಂಬತ್ತೇಳರ ಅಕ್ಟೋಬರ್, ಕೇಂಬ್ರಿಜ್ ಊರಿನ ಹರಾಜು.
ನಾನು ನಾನೂರಕ್ಕೆ ನಿಂತೆ;
ಕಾರಿನ ಟೈರುಗಳು ಸವೆದಿದ್ದವು, ಹಿಮ ಬೀಳುವುದರಲ್ಲಿತ್ತು.
ನೀನು ನಿಲ್ಲಲಿಲ್ಲ.
ಅಂದಿನಿಂದ ಅದನ್ನು ಕಣ್ಣಿಗೂ ಕಾಣಿಸಲಿಲ್ಲ ನೀನು.
ಬಂದಾಗಲೆಲ್ಲ ಕಾಫಿ, ಮಾತು, ಜಗಳ
ಅಡುಗೆಮನೆಯಲ್ಲೇ ಮುಗಿಯುತ್ತಿತ್ತು.
ಜಂಬ ಅಂದುಕೊಂಡಿದ್ದೆ.

ಬೋರಲು ಹಾಕಿದೆ.
ಹಳದಿಗಟ್ಟಿದ ಚೀಟಿ, ನಿನ್ನ ಪೆನ್ಸಿಲ್ಲು:
‘ನಾನೂರ ಹತ್ತು. ಕೇಂಬ್ರಿಜ್. ನೆಡ್ರಾ ಕೈ ಇಳಿಸಿದಳು.’
ಅದರ ಕೆಳಗೆ, ಇನ್ನೂ ಸಣ್ಣಗೆ, ಒತ್ತಿ:
‘ಮನೆ ಮೆಟ್ಟಿಲಲ್ಲಿ ಕೈಜಾರಿ ಬಿರುಕು.
ಅವಳಿಗೆ ಹೇಳಬಾರದು.’

ಬಡಿದೆ. ಕೆಮ್ಮಿತು.

ವರುಷ ಹಿಡಿದದ್ದಕ್ಕೆ ನಿಮಿಷ ಸಾಕಾಯಿತು, ಸರಿ;
ಆ ನಿಮಿಷವನ್ನು ಮುಚ್ಚಿಡಲು
ಮತ್ತೆ ಎಷ್ಟು ವರುಷ ಸುರಿದೆ, ಮಾರಾಯ.

ಹರಾಜಿನವನ ನಾಲಿಗೆ ಓಡತೊಡಗಿದೆ.
ಬಿರುಕಿದೆ ಎಂದು ಮೊದಲೇ ಸಾರಿದ, ಪ್ರಾಮಾಣಿಕ.
ಫೋನಿನಲ್ಲಿ ಬೆಲೆ ಕೆದಕುತ್ತಿದ್ದ ಹುಡುಗರು
ಪಕ್ಕದ ಮೇಜಿಗೆ ಸರಿದರು.
ಇಪ್ಪತ್ತು?
ಎತ್ತಿದೆ.
ಇಪ್ಪತ್ತೈದು, ಯಾರಾದರೂ ಇಪ್ಪತ್ತೈದು?

ಅಭ್ಯಾಸ ನೋಡು.
ಕತ್ತು ತಾನಾಗಿ ಎಡಕ್ಕೆ ಹೊರಳಿತು,
ಬೇಲಿಗೊರಗಿ ನೀನು ಯಾವಾಗಲೂ ನಿಲ್ಲುವ ಕಡೆಗೆ.
ಅಲ್ಲಿ ಯಾರದೋ ಸೈಕಲ್ಲು.

ಒಂದು ಸಲ.
ಎರಡು ಸಲ.
ನಾನಿನ್ನೂ ಕೈ ಇಳಿಸಿಲ್ಲ, ಓರ್ವಲ್.