ಬಿಳಿ ಪೇಂಟಿನ ಗೆರೆ

ಮೂರನೆಯ ಸಲ ಬಂತು ಚೌಡಪ್ಪನ ಟಿಪ್ಪರು,
ಕ್ರೇನಿನ ಹಿಂದೆ, ಮೂತಿ ಎತ್ತಿಕೊಂಡು.
'ಎಂಜಿನ್ ಓಡ್ತದೆ, ಗಾಡಿ ಓಡಲ್ಲ' ಅಂದ.
ಅಷ್ಟು ಕೇಳಿದರೆ ಸಾಕು, ಬಿಚ್ಚುವ ಮೊದಲೇ ಗೊತ್ತು:
ಗೇರ್‌ಬಾಕ್ಸಿನೊಳಗೆ ಶಾಫ್ಟು ಎರಡು ತುಂಡು.

ಹೊಸೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದ ಹುಡುಗ
ಎಂಜಿನ್ನಿನ ಕಿವಿಯಲ್ಲಿ ಏನೋ ಊದಿ
ಅರ್ಧ ಗಂಟೆಯಲ್ಲಿ ನೂರು ಕುದುರೆ ಕೂಡಿಸಿ ಹೋಗಿದ್ದ.
ಟೇಕಲ್ ಕ್ವಾರಿಯ ಓನರು ಖುಷಿ.
ಆ ನೂರು ಕುದುರೆಗೆ ಲಾಯ ಕಟ್ಟುವ ಕೆಲಸ
ಬಂಗಾರಪೇಟೆ ರಸ್ತೆಯ ನನ್ನ ಶೆಡ್ಡಿಗೆ.

ಹಲಗೆಯ ಮೇಲಿಟ್ಟು ನೋಡಿದೆ.
ನೆಟ್ಟಗಿದ್ದ ಹಲ್ಲುಗಳು
ಸ್ಕೂಲಿಗೆ ಹೊರಟ ಹುಡುಗಿಯ ಜಡೆಯಂತೆ ಹೊರಳಿವೆ.
ಮುರಿದ ಬಾಯಿ ಮಾತ್ರ ನುಣ್ಣಗೆ,
ಬೆಣ್ಣೆ ಕೊಯ್ದ ಹಾಗೆ.

ಬನಿಯನ್ ಬಟ್ಟೆಯಲ್ಲಿ ಸುತ್ತಿಕೊಂಡು ಆಂಡರ್ಸನ್‌ಪೇಟೆಗೆ ಹೋದೆ.
ಆರೋಗ್ಯದಾಸರ ಬಾಯಲ್ಲಿ ಶಾಫ್ಟು ಅಂದರೆ ಎರಡು:
ಒಂದು ಲೇತಿಗೆ ಕಟ್ಟುವಂಥದು.
ಇನ್ನೊಂದು, ಅವರಪ್ಪ ಮೂವತ್ತು ವರ್ಷ
ದಿನಾ ಇಳಿದು ದಿನಾ ಹತ್ತಿ ಬಂದದ್ದು,
ಈಗ ನೀರು ತುಂಬಿಕೊಂಡು ಸುಮ್ಮನಿರುವಂಥದು.

'ಗಟ್ಟಿ ಬೇಕು. ಮುರಿಯಲೇಬಾರದು' ಅಂದೆ.
ಕನ್ನಡಕ ಹಣೆಗೇರಿಸಿದರು.
'ಮುರಿಯದ ಉಕ್ಕು ಯಾವ ಅಂಗಡೀಲದೆ ಹೇಳು,
ನಾನೂ ಒಂದು ಕೇಜಿ ತರ್ತೀನಿ.
ಗಣೀಲಿ ಕೇಜಿನ ಹಗ್ಗ ಇತ್ತಲ್ಲ,
ಆರು ತಿಂಗಳಿಗೊಂದ್ಸಲ ತುದಿ ಕತ್ತರಿಸಿ ಎಳೆಯೋರು.
ಕಿತ್ತುಹೋಗೋ ತನಕ ಎಳೆಯೋರು.
ಎಷ್ಟಕ್ಕೆ ಕೀಳ್ತದೆ ಅಂತ ಗೊತ್ತಾದ ಮೇಲೇನೆ
ಜನಾನ ಇಳಿಸೋರು.
ಇದು ಮುರೀದೆ ಹೋದ್ರೆ
ಇದರ ಹಿಂದೆ ಏನು ಮುರೀತದೆ?
ಯೋಚನೆ ಮಾಡಿದ್ಯಾ?'

ಮಾಡಿರಲಿಲ್ಲ.
ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಮಾಡಿದೆ.
ಕ್ಲಚ್ಚಿನ ಡ್ರಮ್ಮು. ಅದು ತಡೆದುಕೊಂಡರೆ ಪ್ಲಾನೆಟರಿ ಗೇರು.
ಅದೂ ತಡೆದುಕೊಂಡರೆ ಜಾಯಿಂಟು, ಆಕ್ಸಲ್ಲು,
ಕಲ್ಲು ತುಂಬಿದ ಇಳಿಜಾರು.
ಇಷ್ಟು ದಿನ ನಾನು ಬೈದು ಗುಜರಿಗೆಸೆದ ಆ ಮೆತ್ತನೆ ಕಂಬಿ
ಯಾರಿಗೂ ಹೇಳದೆ ಎಲ್ಲರ ಪೆಟ್ಟು ತಾನೇ ತಿಂದಿತ್ತು.

ಮೂರು ವಾರ ಹಿಡಿಯಿತು.
ಉಕ್ಕು ಬೇರೆ, ಕಾಯಿಸಿದ ರೀತಿ ಬೇರೆ.
ಹಲ್ಲಿನ ಬುಡದ ಚೂಪು ಮೂಲೆಯನ್ನೆಲ್ಲ ಉರುಟು ಮಾಡಿದರು:
'ಮೂಲೇಲೇ ಬಿರುಕು ಹುಟ್ಟೋದು, ಮನೇಲೂ ಅಷ್ಟೇ.'
ನಾನು ದಪ್ಪ ಮಾಡುತ್ತಾರೆ ಅಂದುಕೊಂಡಿದ್ದರೆ
ನಡುವನ್ನು ಅರ್ಧ ನೂಲು ಸಣ್ಣ ಮಾಡಿದರು,
ಉದ್ದಕ್ಕೂ ಒಂದೇ ಸಮ.
ಹೊರಳೋದಾದರೆ ಪೂರಾ ಮೈ ಹೊರಳಲಿ,
ಒಂದೇ ಕಡೆ ಅಲ್ಲ.

ಕಡೆಗೆ ಸಣ್ಣ ಬ್ರಷ್ಷು ತೆಗೆದು
ಈ ತುದಿಯಿಂದ ಆ ತುದಿಗೆ ಒಂದು ಬಿಳಿ ಗೆರೆ ಎಳೆದರು.
'ಯಾವತ್ತಾದ್ರೂ ಬಿಚ್ಚಿದ್ರೆ ನೋಡು.
ಗೆರೆ ಸುತ್ತಿದ್ರೆ ಸೋತದೆ ಅಂತ.
ನೆಟ್ಟಗಿದ್ರೆ, ಸಾವಿರ ಸಲ ಹೊರಳಿ
ಸಾವಿರ ಸಲ ವಾಪಸ್ ಬಂದದೆ ಅಂತ.'

ವರ್ಷ ಕಳೆದು ಬಿಚ್ಚಿದೆ, ಎಣ್ಣೆ ಸೋರುತ್ತಿತ್ತು.
ಅರ್ಧ ಪೇಂಟು ಎಣ್ಣೆಯ ಪಾಲು.
ಉಳಿದ ಗೆರೆ
ನೂಲು ಹಿಡಿದು ಎಳೆದಷ್ಟು ನೆಟ್ಟಗೆ.
ಒಬ್ಬನೇ ಸೀಟಿ ಹೊಡೆದೆ.

ಚೌಡಪ್ಪ ಟೀ ಹಿಡಿದು ನಿಂತಿದ್ದ.
ಐದು ಟ್ರಿಪ್ಪು ಇದ್ದದ್ದು ಒಂಬತ್ತಾಗಿದೆಯಂತೆ,
ಗಾಡಿ ಕೈ ಕೊಡಲ್ಲವಲ್ಲ, ಅದಕ್ಕೆ.
ಅಂಗಿಯ ಕೆಳಗೆ ಸೊಂಟಕ್ಕೆ ಅಗಲದ ಬೆಲ್ಟು.
ಕರೆದರೆ ಕತ್ತು ತಿರುಗಿಸಲಿಲ್ಲ,
ಪೂರಾ ಮೈ ತಿರುಗಿಸಿದ.
ಬಿದ್ದ ಸ್ಪ್ಯಾನರ್ ಎತ್ತಲು ಬಗ್ಗಿ
ಅರ್ಧಕ್ಕೇ ನಿಂತ.

ನಾನೇ ಎತ್ತಿಕೊಂಡೆ.
ಕೈ ಒರೆಸಿ ಓನರಿಗೆ ಫೋನ್ ಹಚ್ಚಿದೆ:
ಆ ಲ್ಯಾಪ್‌ಟಾಪ್ ಹುಡುಗನ್ನ ಒಂದ್ಸಲ ಕಳಿಸಿ.
ಏರಿಸೋದಕ್ಕಲ್ಲ.