ಮನೆಯವನ ಹಾಗೆ

ಕೋಲಾರದ ತರಬೇತಿಯಲ್ಲಿ ಒಂದು ಫಾರಂ ಕೊಟ್ಟರು.
ಹೆಸರು: ಎಂ. ಸುಗುಣ. ಊರು: ಶ್ರೀನಿವಾಸಪುರ.
ಉದ್ಯಮ: ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ.
ಅನುಭವ ಎಷ್ಟು ವರ್ಷ?
ಪೆನ್ನು ಅಲ್ಲೇ ನಿಂತಿತು.

ಅಪ್ಪ ಹೋದ ಮೇಲೆ ಅಂಗಡಿಯಲ್ಲಿ ಕೂತದ್ದು ಏಳು ವರ್ಷ.
ಅದಕ್ಕೂ ಮೊದಲು
ಎಂಟು ಮುದ್ದೆಯ ಹಿಟ್ಟಿನಲ್ಲಿ ಹನ್ನೊಂದು ಮುದ್ದೆ ಕಟ್ಟಿ
ಯಾರಿಗೂ ಚಿಕ್ಕದು ಅನ್ನಿಸದ ಹಾಗೆ ಬಡಿಸಿದಳಲ್ಲ ಅಮ್ಮ,
ಸಾರಿನ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದೆನಲ್ಲ ನಾನು,
ಆ ವರ್ಷಗಳಿಗೆ ಅಲ್ಲಿ ಜಾಗವಿರಲಿಲ್ಲ.
ಏಳು ಅಂತಲೇ ಬರೆದೆ.

ಅಮ್ಮ ಯಾವುದನ್ನೂ ಎಣಿಸುತ್ತಿರಲಿಲ್ಲ.
ತೊಳೆದ ತಟ್ಟೆ ಜೋಡಿಸುವ ಸದ್ದಿನಲ್ಲೇ ತಿಳಿಯುತ್ತಿತ್ತು
ಯಾರು ಉಣ್ಣದೆ ಮಲಗಿದ್ದಾರೆ ಅಂತ.
ಈಗ ಲಗೇಜ್ ಆಟೋದಿಂದ ಪಾತ್ರೆ ಇಳಿಯುವಾಗ
ನನಗೂ ಕಿವಿಗೇ ಗೊತ್ತಾಗುತ್ತದೆ,
ದೊಡ್ಡ ತಪ್ಪಲೆಯ ಒಳಗೆ ಜಾಲರಿ ಸೌಟು ಇಲ್ಲ.
ಮದುವೆ ಮನೆಗೆ ಫೋನ್ ಮಾಡಿ ಕದ್ದಿದ್ದಾರೆ ಅನ್ನುವುದಿಲ್ಲ.
'ಅಕ್ಕಾ, ನಿಮ್ಮ ಪಾತ್ರೆ ಜೊತೆ ಸೇರಿಕೊಂಡಿರಬೇಕು, ನೋಡಿ.'
ಚಿಕ್ಕಮ್ಮನ ಓಲೆ ಕಾಣದಾದ ದಿನ
ಅಮ್ಮ ಯಾರ ಮುಖವನ್ನೂ ನೋಡದೆ
ಕತ್ತಲಾಯ್ತು, ಬೆಳಿಗ್ಗೆ ಹುಡುಕೋಣ ಅಂದಿದ್ದಳು.
ಬೆಳಿಗ್ಗೆ ಅದು ಉಪ್ಪಿನ ಜಾಡಿಯ ಮುಚ್ಚಳದ ಮೇಲಿತ್ತು.
ಯಾರೂ ಕೇಳಲಿಲ್ಲ.
ಸೌಟೂ ಬರುತ್ತದೆ. ಹೆಚ್ಚು ಸಲ ಬರುತ್ತದೆ.

ಒಂದು ಮೊಟ್ಟೆಯನ್ನು ದಾರದಲ್ಲಿ ನಾಲ್ಕಾಗಿ ಸೀಳಿ,
ದೊಡ್ಡ ಚೂರು ನನಗೆ, ನನಗೆ ಅಂತ ನಾವು ಕಿತ್ತಾಡಿದಾಗ
ಅದನ್ನೆತ್ತಿ ತಾನೇ ಬಾಯಿಗೆ ಹಾಕಿಕೊಂಡಳು.
ಒಂದೇ ಲಗ್ನಕ್ಕೆ ಎರಡು ಮನೆಯವರು
ಕೆಂಪು ಮಖಮಲ್ಲಿನ ರಾಜಕುರ್ಚಿಗೆ ಪಟ್ಟು ಹಿಡಿದರು.
ಕಾಲು ಮುರಿದಿದೆ, ರಿಪೇರಿಗೆ ಹೋಗಿದೆ ಅಂದೆ.
ಆ ರಾತ್ರಿ ಗೋಡೌನಿನಲ್ಲಿ ನಾನೇ ಅದರ ಮೇಲೆ ಕೂತು ಬೋಂಡ ತಿಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚಪ್ಪಾಳೆ ಬೀಳುತ್ತಿತ್ತು.
ಆದರೆ ಯರ್ರಪ್ಪ ಇದ್ದಾನೆ.

ಅಪ್ಪನ ಕಾಲದಿಂದ ಗಳ ನೆಟ್ಟವನು, ಹಗ್ಗ ಬಿಗಿದವನು,
ಗಾಳಿ ಬಂದರೆ ನಿದ್ದೆಯಲ್ಲೂ ಎದ್ದು ಓಡಿದವನು,
ಹತ್ತೊಂಬತ್ತು ವರ್ಷ.
ಸಂಬಳ ಎಷ್ಟು ಅಂತ ಯಾರಾದರೂ ಕೇಳಿದರೆ
'ಅಯ್ಯೋ, ಅವನು ಮನೆಯವನ ಹಾಗೆ' ಅನ್ನುತ್ತಿದ್ದೆವು.
ಹಬ್ಬಕ್ಕೆ ಪಂಚೆ, ಜ್ವರಕ್ಕೆ ಮಾತ್ರೆ,
ಕೇಳಿದಾಗ ಕೈಗೆ ಸಿಕ್ಕಷ್ಟು.

ಮಾಘದ ಒಂದು ರಾತ್ರಿ, ಮಂಟಪದ ಹಿಂದೆ
ಕುರ್ಚಿಯೊಳಗೆ ಕುರ್ಚಿ ಇಳಿಸುತ್ತ, ನನ್ನ ಕಡೆ ತಿರುಗದೆ ಅಂದ:
'ಮನೆಯವನಾದ್ರೆ ಪಾಲು ಕೊಡಮ್ಮ.
ಕೆಲಸದವನಾದ್ರೆ ಕೂಲಿ ಹೇಳು.
ಈ "ಹಾಗೆ" ಅನ್ನೋದನ್ನ ಯಾವ ಅಂಗಡೀಲಿ ಕೊಟ್ಟು
ಅಕ್ಕಿ ತರ್ಲಿ ನಾನು?'

ಕುರ್ಚಿಗಳು ಮುಗಿಯುವವರೆಗೆ
ನಾವಿಬ್ಬರೂ ಮಾತಾಡಲಿಲ್ಲ.

ಮನೆಗೆ ಬಂದರೆ ಹಿತ್ತಲಿನಲ್ಲಿ ದೀಪ ಉರಿಯುತ್ತಿತ್ತು.
ಅರವತ್ತೆಂಟರ ಅಮ್ಮ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ
ಬಾಡಿಗೆಯ ಮೇಜುಬಟ್ಟೆಗೆ ನಿಂಬೆ ಹೋಳು ತಿಕ್ಕುತ್ತಿದ್ದಳು.
ಯಾರದೋ ಆರತಕ್ಷತೆಯ ಸಾರಿನ ಕಲೆ.
ಎಷ್ಟು ವರ್ಷದಿಂದ?
ಅವಳು 'ಹಾಗೆ' ಅಲ್ಲ, ಮನೆಯವಳೇ.
ಅದಕ್ಕೇ ಪಾಲೂ ಇರಲಿಲ್ಲ, ಕೂಲಿಯೂ ಇರಲಿಲ್ಲ.

ಯುಗಾದಿಗೆ ಹೊಸ ಪುಸ್ತಕದ ಮೂಲೆಗೆ ಅರಿಶಿನ ಹಚ್ಚಿ
ಮೊದಲ ಸಾಲಿನಲ್ಲಿ ಯರ್ರಪ್ಪ ಅಂತ ಬರೆದೆ, ಎದುರಿಗೆ ಮೊತ್ತ.
ಹಳೆಯದೆಲ್ಲ ತೀರಲಿಲ್ಲ; ತೀರುವಂಥದ್ದೂ ಅಲ್ಲ.
ಎರಡನೇ ಸಾಲಿನಲ್ಲಿ ಪಾಪಮ್ಮ.

'ನಂಗೂ ಹೆಬ್ಬೆಟ್ಟು ಒತ್ತಿಸ್ತೀಯೇನೆ?' ಅಂತ ನಕ್ಕಳು.
ನೋಟು ತೆಗೆದುಕೊಂಡು ಹೊಸ್ತಿಲ ಬೆಳಕಿಗೆ ಹೋಗಿ ಕೂತಳು.
ಬೆರಳು ನಾಲಿಗೆಗೆ ಮುಟ್ಟಿಸಿ ಎಣಿಸಿದಳು.
ಮತ್ತೆ ಮೊದಲಿಂದ ಎಣಿಸಿದಳು.
'ಹತ್ತು ರೂಪಾಯಿ ಕಮ್ಮಿ ಇದೆ' ಅಂದಳು.

ಇತ್ತು.